ಈ ಸಲ ಆಣೆಗೂ ನಾನಲ್ಲ

ಫೆಬ್ರವರಿ ೮, ಶನಿವಾರ, ಔಲು ನಗರ

ಕಂಪ್ಯೂಟರ್ ಇವತ್ತು ನಾಲ್ಕನೇ ಸಲ ಪ್ರಾಣ ಬಿಟ್ಟಿತು. ಮೊದಲು ಪರದೆ ಕಪ್ಪಾಗುತ್ತದೆ, ಆಮೇಲೆ ಎಲ್ಲವೂ ನಿಲ್ಲುತ್ತದೆ. ಸೋಮವಾರ ಪ್ರಬಂಧ ಒಪ್ಪಿಸದಿದ್ದರೆ ಹಿಲ್ಲಕ್ಕನ ಪದವಿ ಒಂದು ವರ್ಷ ಮುಂದಕ್ಕೆ.

“ನಿಂದೇ ಕಿತಾಪತಿ ಕಣೋ, ಒಪ್ಕೊಂಬಿಡು,” ಅಂದಳು. ಕ್ರಿಸ್‌ಮಸ್‌ನಲ್ಲಿ ಕಂಪ್ಯೂಟರ್ ಕೆಟ್ಟಿದೆಯೆಂದು ಸುಳ್ಳು ನೀಲಿ ಪರದೆ ತೋರಿಸಿ ಅವಳನ್ನು ಅಳಿಸಿದ ಮಹಾಪಾತಕಿ ನಾನು. ಯಾರು ನಂಬುತ್ತಾರೆ?

ಕೇಬಲ್ ಬದಲಿಸಿದೆ, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಮತ್ತೆ ಕೂರಿಸಿದೆ. ಸಂಜೆ ಮತ್ತೆ ಹೋಯಿತು. ಮುಟ್ಟಿದರೆ ಕಾದ ಕಾವಲಿ. ಬಿಸಿಗಾಳಿ ಹೊರಬರುವ ಜಾಲರಿಯ ಮೇಲೆ ಹಿಲ್ಲಕ್ಕನದೇ ಒದ್ದೆ ಉಣ್ಣೆ ಕೈಗವಸು! ಹೀಟರ್ ತುಂಬ ಎಲ್ಲರ ಕಾಲುಚೀಲ ಇದ್ದುದರಿಂದ, ಸ್ಕೀ ಮುಗಿಸಿ ಬಂದವಳು ಇಲ್ಲಿ ಒಣಹಾಕಿದ್ದಾಳೆ.

ತೆಗೆದೆ. ಮೂರು ಗಂಟೆ ಕಾದೆ, ಪರದೆ ಆರಲಿಲ್ಲ. ಕೈಗವಸು ಹಿಡಿದು ನ್ಯಾಯಾಧೀಶನ ಗಾಂಭೀರ್ಯದಲ್ಲಿ ಅವಳೆದುರು ನಿಂತೆ.

ಟೈಪ್ ಮಾಡುತ್ತಲೇ ಕೇಳಿದಳು: “ಅದನ್ನೂ ನೀನೇ ಅಲ್ಲಿಟ್ಟಿದ್ದಾ?”

ಇನ್ನೂ ಎರಡು ಅಧ್ಯಾಯ ಬಾಕಿ. ಜಗಳಕ್ಕೆ ನಿಂತರೆ ಬರೆಯುವುದು ನಿಲ್ಲುತ್ತದೆ.

“ಹೌದು,” ಅಂದುಬಿಟ್ಟೆ.