ಅಮ್ಮನ ಎಡಗೆನ್ನೆ

ಮಾರ್ಚ್ ೧೨, ಗುರುವಾರ

ಆ ಹೊಸ ಲ್ಯಾಪ್‌ಟಾಪ್ ತಲೆಯಿಂದ ಇಳಿಯುತ್ತಲೇ ಇಲ್ಲ. ಸುಮ್ಮನೆ ನೋಡಿಬರೋಣವೆಂದು ಅಂಗಡಿಗೆ ಹೋದವನು ಎರಡು ಗಂಟೆ ಅಲ್ಲೇ ನಿಂತುಬಿಟ್ಟೆ. ಏನು ಪರದೆ ಅದು! ಹಳೆಯ ಫೋಟೋಗಳ ಕಲೆ, ಧೂಳು ಅಳಿಸಿ ಹೊಸದಾಗಿಸುವುದು ಇಪ್ಪತ್ತು ವರ್ಷದಿಂದ ನನ್ನ ಕಸುಬು. ಇಷ್ಟು ದಿನ ಕಣ್ಣಿಗೆ ಪೊರೆ ಬಂದಿತ್ತೇನೋ ಅನ್ನಿಸಿತು.

ಪರೀಕ್ಷಿಸಲು ಪೆನ್‌ಡ್ರೈವ್‌ನಲ್ಲಿ ಅಮ್ಮನ ಫೋಟೋ ಒಯ್ದಿದ್ದೆ, ನಾನು ಕೈಹಚ್ಚುವ ಮೊದಲಿನದು. ರೆಪ್ಪೆಯ ಕೂದಲು ಎಣಿಸಬಹುದಿತ್ತು. ಎಡಗೆನ್ನೆಯ ಚುಕ್ಕೆಯನ್ನು ದೊಡ್ಡದು ಮಾಡಿ ನೋಡಿದೆ. ಹಳೆಯ ಪರದೆಯಲ್ಲಿ ಅದನ್ನು ಧೂಳೆಂದುಕೊಂಡು ಒರೆಸಿಹಾಕಿ, ಚೌಕಟ್ಟು ಹಾಕಿಸಿ ಅಕ್ಕನ ಮನೆಯ ಗೋಡೆಗೆ ಕೊಟ್ಟಿದ್ದೆ. ಇಲ್ಲಿ ಅದಕ್ಕೊಂದು ಉಬ್ಬು, ಕೂದಲೆಳೆಯಷ್ಟು ನೆರಳು.

ಅಮ್ಮ ಹೋದಾಗ ನನಗೆ ಎರಡು ವರ್ಷ. ಅಂಗಡಿಯಿಂದಲೇ ಅಕ್ಕನಿಗೆ ಫೋನ್ ಮಾಡಿದೆ.

"ಅಮ್ಮನ ಕೆನ್ನೆ ಮೇಲೆ ಮಚ್ಚೆ ಇತ್ತೇನಕ್ಕಾ?"

"ಇತ್ತಲ್ಲೋ. ಎತ್ಕೊಂಡಾಗೆಲ್ಲ ನೀನು ಅದನ್ನೇ ಕೀಳೋಕೆ ನೋಡ್ತಿದ್ದೆ."

"ಮತ್ತೆ ಗೋಡೆ ಮೇಲಿನ ಫೋಟೋದಲ್ಲಿ ಇಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ಅಷ್ಟು ಆಸೆಯಿಂದ ಮಾಡ್ಕೊಟ್ಟಿದ್ದೆ. ಏನಂತ ಹೇಳ್ಲಿ?"

ಬೆಲೆ ನನ್ನ ಕೈಗೆ ಎಟಕುವಂಥದ್ದಲ್ಲ. ಹಳೆಯದು ಇನ್ನೂ ಓಡುತ್ತಿದೆ ಬೇರೆ. ಆದರೂ ನಾಳೆ ತಂದುಬಿಡುತ್ತೇನೆ. ಮೊದಲು ಅಮ್ಮನ ಮಚ್ಚೆ ಅಮ್ಮನಿಗೆ.

ಆಮೇಲೆ? ಇಪ್ಪತ್ತು ವರ್ಷದಲ್ಲಿ ಯಾರ್ಯಾರ ಅಮ್ಮಂದಿರ ಕೆನ್ನೆ ಒರೆಸಿದ್ದೇನೋ. ಗಿರಾಕಿಗಳು ಫೋಟೋವನ್ನು ತುಸು ಹೊತ್ತು ನೋಡುತ್ತ ನಿಲ್ಲುತ್ತಿದ್ದರು, ಪಾಪ. ಆಮೇಲೆ ಎಲ್ಲರೂ "ಚೆನ್ನಾಗಿದೆ" ಅಂತಲೇ ಹೇಳಿ ಹೋದರು.