ಕರಾವಳಿಯ ಲೆಕ್ಕದಿಂದ ಕಡಿಮೆಯಾದ ವರ್ಲಿ ಹ್ಯಾಚ್

ಪ್ರಾದೇಶಿಕ ವಸತಿ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಕರಾವಳಿ ವಲಯದಲ್ಲಿ ಮನೆಯಿಲ್ಲದವರ ಸಂಖ್ಯೆ ಈ ವರ್ಷ ಇಳಿದಿದೆ ಎಂದು ತಾವು ವರದಿಯಲ್ಲಿ ಬರೆದಿದ್ದೀರಿ. ಹಾಗೆ ಇಳಿದವರಲ್ಲಿ ಒಬ್ಬಳನ್ನು ನಾನು ಬಲ್ಲೆ. ಅವಳ ಹೆಸರು ವರ್ಲಿ ಹ್ಯಾಚ್. ಅವಳಿಗೆ ಮನೆ ಸಿಕ್ಕಿರಲಿಲ್ಲ. ಮನೆ ಸಿಗದೆಯೂ ಅವಳು ತಮ್ಮ ಲೆಕ್ಕದಿಂದ ಹೇಗೆ ಕಡಿಮೆಯಾದಳು ಎಂಬುದನ್ನು ವರದಿ ಹೇಳುವುದಿಲ್ಲ. ಅದನ್ನು ಹೇಳಲು ಈ ಪತ್ರ.

ನಾನು ಸಂಚಾರಿ ಗ್ರಂಥಾಲಯದ ಬಸ್ಸು ಓಡಿಸುವವಳು. ಒಂದು ವಾರ ಸಮುದ್ರದಂಚಿನ ಊರುಗಳು, ಮರುವಾರ ಬೆಟ್ಟಸಾಲು ಹತ್ತಿ ಆಚೆಯ ಪ್ರಸ್ಥಭೂಮಿಯ ಊರುಗಳು. ಹದಿನಾರು ವರ್ಷಗಳಿಂದ ಇದೇ ದಾರಿ. ತಮ್ಮ ವರದಿಯ ಒಂದು ಪ್ರತಿ ನಮ್ಮ ಬಸ್ಸಿಗೂ ಬಂತು. ಕೂತು ಪೂರ್ತಿ ಓದಿದೆ. ದೇಶದ ನಕ್ಷೆ ತುಂಬ ಚೆನ್ನಾಗಿ ಬಂದಿದೆ. ಒಂದೇ ಮನೆಯಲ್ಲಿ ಹದಿನಾಲ್ಕು ಮಂದಿ ಸರದಿಯ ಮೇಲೆ ಮಲಗುವ ಉತ್ತರದ ತುದಿಗೆ ಕಡುಗೆಂಪು, ಅಂಗಡಿ ಬಾಗಿಲುಗಳಲ್ಲಿ ರಟ್ಟು ಹಾಸಿಕೊಳ್ಳುವ ದೊಡ್ಡ ನಗರಗಳಿಗೆ ಕಿತ್ತಳೆ, ಜನ ಕಾರುಗಳಲ್ಲಿ ಬದುಕುವ ನಮ್ಮ ಕರಾವಳಿಗೆ ಹಿಂದಿನ ವರ್ಷಕ್ಕಿಂತ ತೆಳುವಾದ ಗುಲಾಬಿ. ಬಣ್ಣ ಬಳಿದವರ ಕೈ ಮೆಚ್ಚಬೇಕಾದದ್ದೇ. ಆದರೆ ಗುಲಾಬಿ ತೆಳುವಾದದ್ದು ಹೇಗೆಂದು ಆ ಕೈ ಒಮ್ಮೆಯಾದರೂ ಯಾರನ್ನಾದರೂ ಕೇಳಿತೇ?

ಕರ್ಲ್ಯೂ ಹೆಡ್ ಎಂಬ ನಮ್ಮ ಊರಿನ ಶಾಲೆಯ ಮುಂದೆ 'ನಿಲ್ಲಿ' ಎಂಬ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವುದು ವರ್ಲಿಯ ಕೆಲಸವಾಗಿತ್ತು. ಮೂವತ್ತೊಂದು ವರ್ಷ ದಾಟಿಸಿದಳು. ಒಂದು ಮಗುವಿನ ಮೊಣಕಾಲೂ ತರಚಲಿಲ್ಲ. ಗಂಡ ತೀರಿಕೊಂಡ ಮೇಲೆ ಬೇಕರಿಯ ಹಿಂದಿನ ಬಾಡಿಗೆ ಮನೆಯಲ್ಲಿ ಬಿಸ್ಕತ್ ಎಂಬ ನಾಯಿಯೊಂದಿಗೆ ಇದ್ದಳು. ಅರವತ್ತೇಳು ತುಂಬಿದ ವರ್ಷ ಮನೆಯ ಮಾಲೀಕರು ಅದನ್ನು ರಜೆಗೆ ಬರುವವರ ತಂಗುದಾಣ ಮಾಡಲು ಬಿಡಿಸಿಕೊಂಡರು. ಬೇರೆ ಮನೆ ಹುಡುಕಿದಳು. ಅವಳ ಪಿಂಚಣಿಗೆ ಎಟುಕುವ ಒಂದು ಕೋಣೆಯೂ ಊರಲ್ಲಿರಲಿಲ್ಲ. ತಮ್ಮ ಕಚೇರಿಯಲ್ಲಿ ಸರ್ಕಾರಿ ಮನೆಗೆ ಅರ್ಜಿ ಹಾಕಿ, ಹಳೆಯ ಕಾರಿನ ಹಿಂದಿನ ಸೀಟು ಮಡಚಿ, ಕಡಲತೀರದ ವಾಹನ ನಿಲ್ದಾಣ ಸೇರಿದಳು.

ಅಲ್ಲಿ ಅವಳು ಏಳು ತಿಂಗಳು ಇದ್ದಳು. ಪ್ರವಾಸಿಗರ ಕಾಲ ಹತ್ತಿರವಾದಾಗ ನಗರಸಭೆಯ ಕಾವಲಿನವನು ಬಂದ. ಕೈರನ್ ಎಂಬ ಅವನು ನಮ್ಮೂರಿನವನೇ. ನನ್ನ ಬಸ್ಸು ಪಕ್ಕದಲ್ಲೇ ನಿಂತಿತ್ತು.

"ವರ್ಲಿ, ನಂಗೂ ಬೇಜಾರೇ. ಆದ್ರೆ ಗಾಡಿ ತೆಗೀಲೇಬೇಕು. ಮೇಲಿನಿಂದ ಆರ್ಡರ್ ಬಂದಿದೆ."

"ಮೂಗು ಸುರಿಸ್ಕೊಂಡು ಬರ್ತಿದ್ದ ನಿನ್ನ ಕೈ ಹಿಡಿದು ರಸ್ತೆ ದಾಟಿಸ್ದೆ ಕಣೋ. ಈಗ ನೀನು ನನ್ನ ಊರೇ ದಾಟಿಸ್ತಿದೀಯ."

ಕೈರನ್ ತಲೆಯೆತ್ತಲಿಲ್ಲ. ನೋಟಿಸನ್ನು ಕಾರಿನ ಗಾಜು ಒರೆಸುವ ವೈಪರಿನ ಕೆಳಗೆ ಸಿಕ್ಕಿಸಿ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಅತ್ತೆಯ ಮನೆಯ ಗ್ಯಾರೇಜಿನಲ್ಲಿ ಸಂಸಾರ ಹೂಡಿದವನು.

ವರ್ಲಿ ತಮ್ಮ ಕಚೇರಿಗೆ ಬಂದಳು. ಕೌಂಟರಿನಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಸಲಹೆ: ಒಳನಾಡಿನಲ್ಲಿ ಬಾಡಿಗೆ ಕಡಿಮೆ, ಬೆಟ್ಟ ಹತ್ತಿ ನೋಡಿ. ಸಲಹೆ ಕೊಟ್ಟವರಿಗೆ ಗೊತ್ತಿಲ್ಲದ್ದು ಇಷ್ಟೇ. ಬೆಟ್ಟದ ಮೇಲೆ ವಿದ್ಯುತ್ತಿನ ಗಾಳಿಯಂತ್ರಗಳನ್ನು ನೆಡುವ ಕೆಲಸ ಶುರುವಾಗಿತ್ತು, ಅಲ್ಲಿನ ಖಾಲಿ ಮನೆಗಳೆಲ್ಲ ಕೆಲಸಗಾರರಿಗೆ ಹೋಗಿದ್ದವು. ವರ್ಲಿ ನಂಬಿ ಹೊರಟಳು. ಬೆಟ್ಟದ ಮೇಲಿನ ಮಲ್ಡೂನ್ ಊರಿನ ಜಾತ್ರೆಮೈದಾನದಲ್ಲಿ, ಕುರಿ ಪ್ರದರ್ಶನದ ಕೊಟ್ಟಿಗೆಯ ಮಗ್ಗುಲಲ್ಲಿ, ಅವಳ ಕಾರನ್ನು ಕಂಡು ನಾನು ಬಸ್ಸು ನಿಲ್ಲಿಸಿದೆ. ಅವಳು ನನ್ನ ನೋಡಿ ಕುಣಿದಳು. "ದೊಡ್ಡಕ್ಷರದ ಪತ್ತೇದಾರಿ ಪುಸ್ತಕ ತಂದಿದೀಯೇನೇ? ಇಲ್ಲಿ ಮಾತಾಡಕ್ಕೆ ಕುರಿ ಬಿಟ್ರೆ ಯಾರೂ ಇಲ್ಲ."

ಅವಳ ಫೋನಿನಲ್ಲಿ ಚಾರ್ಜು ಇರಲಿಲ್ಲ. ನನ್ನ ಫೋನಿನಿಂದ ತಮ್ಮ ಕಚೇರಿಗೆ ಮಾಡಿದೆವು. ಬಸ್ಸಿನ ಮೆಟ್ಟಿಲ ಮೇಲೆ ಕೂತು ಮುಕ್ಕಾಲು ಗಂಟೆ ಫೋನಿನಲ್ಲಿ ಕಾಯಿಸುವ ಸಂಗೀತ ಕೇಳಿದ ಮೇಲೆ ಒಂದು ದನಿ ಬಂತು. ವರ್ಲಿ ತನ್ನ ಹೆಸರು, ಈಗಿರುವ ಊರು ಹೇಳಿದಳು.

"ನೀವು ನಮ್ಮ ವಲಯ ಬಿಟ್ಟಿದೀರಲ್ಲ ಮೇಡಂ. ಅರ್ಜಿ ಮುಕ್ತಾಯ ಆಗಿದೆ."

"ಹೋಗಿ ಅಂದಿದ್ದು ನೀವೇ ಅಲ್ವೇನಪ್ಪ?"

"ಅದು ಸಲಹೆ ಮೇಡಂ. ಅಲ್ಲಿ ಹೊಸದಾಗಿ ಅರ್ಜಿ ಹಾಕಿ. ಪಟ್ಟಿ ಏಳೆಂಟು ವರ್ಷದ್ದಿದೆ."

ಫೋನು ಇಟ್ಟು ವರ್ಲಿ ನಕ್ಕಳು. "ಎಪ್ಪತ್ತೈದಕ್ಕೆ ಹೊಸ ಮನೆ ಕಣೇ! ಮನೆ ಒಕ್ಕಲಿಗೆ ಬಂದುಬಿಡು." ಆಮೇಲೆ ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಮಾನ್ಯರೇ, ಕರಾವಳಿಯಲ್ಲಿ ಒಬ್ಬರು ಕಡಿಮೆಯಾದದ್ದು ಹೀಗೆ. ಒಂದು ವಲಯದವರು ಆಚೆಗೆ ತಳ್ಳುತ್ತಾರೆ, ಇನ್ನೊಂದು ವಲಯದವರು ಇನ್ನೂ ಆಚೆಗೆ ತಳ್ಳುತ್ತಾರೆ. ತಳ್ಳಿದವರ ಅಂಕಿ ಇಳಿಯುತ್ತದೆ, ಇಳಿದದ್ದಕ್ಕೆ ಸಾಧನೆ ಎಂಬ ಹೆಸರು ಬರುತ್ತದೆ. ತಾವು 'ಪ್ರಾದೇಶಿಕ ಪ್ರವೃತ್ತಿ' ಎಂದು ಕರೆದಿರುವುದು ಒಬ್ಬ ಮುದುಕಿ ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಕಾರು ಹತ್ತಿಸಿದ್ದನ್ನು. ಅದಕ್ಕೆ ಇಳಿಮುಖದ ಬಾಣದ ಗುರುತು ಹಾಕಿದ್ದೀರಿ. ಬಾಣಕ್ಕೆ ಚಳಿಯಾಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಈಗ ನನ್ನ ಪಾಲಿನದನ್ನೂ ಹೇಳಬೇಕು. ಜೂನ್ ಕೊನೆಯಲ್ಲಿ, ಬೆಟ್ಟದ ಮೇಲೆ ಚಳಿಗಾಲ ಬಿರುಸಾದಾಗ, ಅವಳ ಕೆಮ್ಮು ಕೇಳಲಾಗದೆ, "ನಮ್ಮನೆಗೆ ಬಂದುಬಿಡು" ಎಂದೆ. ನನ್ನದು ಎರಡು ಕೋಣೆಯ ಮನೆ. ಬಾಡಿಗೆ ಮನೆ ಕಳೆದುಕೊಂಡು ಬಂದ ಮಗ, ಸೊಸೆ, ಮೊಮ್ಮಕ್ಕಳಿಬ್ಬರು ಅಲ್ಲೇ ಇದ್ದಾರೆ.

"ಎಷ್ಟು ಜನ ಇದೀರಿ ಈಗ?"

"ಐದು."

"ಆರನೆಯವಳು ಎಲ್ಲಿ ಮಲಗ್ಲಿ, ಬಟ್ಟೆ ಒಗೆಯೋ ಮೆಷಿನ್ ಒಳಗಾ? ಜೊತೆಗೆ ಬಿಸ್ಕತ್ ಬೇರೆ. ಹೋಗೇ, ನಿನ್ನ ಸೊಸೆ ನಿನ್ನನ್ನೇ ಓಡಿಸ್ತಾಳೆ."

ಇಬ್ಬರೂ ನಕ್ಕೆವು. ಅವಳು ಬೇಡವೆಂದಾಗ ನನಗೆ ಒಳಗೊಳಗೇ ಹಗುರವಾಯಿತು. ಎರಡನೇ ಸಲ ಕರೆಯಲಿಲ್ಲ. ಇನ್ನೆರಡು ಕಂಬಳಿ ಕೊಟ್ಟು ಬಸ್ಸು ಹತ್ತಿದೆ.

ಜುಲೈಯಲ್ಲಿ ಮತ್ತೆ ಹೋದಾಗ ವರ್ಲಿ ಬರಲಿಲ್ಲ. ಮೈದಾನ ನೋಡಿಕೊಳ್ಳುವ ಮುದುಕ ಲಿಂಡ್ಸೆ ಬಂದ. ಒಂದು ಕೈಯಲ್ಲಿ ಎರಡು ಪುಸ್ತಕ, ಇನ್ನೊಂದು ಕೈಯಲ್ಲಿ ನಾಯಿಯ ಹಗ್ಗ.

"ಮಂಗಳವಾರ ಬೆಳಿಗ್ಗೆ ಟೀ ತಗೊಂಡು ಹೋಗಿದ್ದೆ. ಗಾಜಿಗೆ ಒಳಗಡೆಯಿಂದ್ಲೂ ಮಂಜು ಹೆಪ್ಪುಗಟ್ಟಿತ್ತು. ಕರೆದೆ. ನಾಯಿ ಅವಳ ಎದೆ ಮೇಲೆ ಮಲಗಿತ್ತು, ಬಾಗಿಲು ತೆಗೆದ್ರೂ ಇಳೀಲಿಲ್ಲ." ಅವನು ಪುಸ್ತಕಗಳನ್ನು ನನ್ನ ಮುಂದೆ ಇಟ್ಟ. "ವಾಪಸ್ ಮಾಡೋದು ತಡ ಆಯ್ತು. ಅವಳನ್ನ ಏನೂ ಅನ್ಬೇಡ."

ನ್ಯುಮೋನಿಯಾ ಎಂದು ವೈದ್ಯರು ಬರೆದರು. ಎರಡನೇ ಪುಸ್ತಕದಲ್ಲಿ ಇನ್ನೂ ಮೂವತ್ತು ಪುಟವಿರುವಾಗ ಅವಳು ಗುರುತಿಗೆ ಇಟ್ಟ ಪೇಪರ್ ನ್ಯಾಪ್‌ಕಿನ್ ಹಾಗೇ ಇತ್ತು. ಕೊಲೆಗಾರ ಯಾರೆಂದು ಅವಳಿಗೆ ತಿಳಿಯಲೇ ಇಲ್ಲ.

ತಮ್ಮ ಕಚೇರಿಗೆ ಸುದ್ದಿ ತಿಳಿಸಲು ಫೋನು ಮಾಡಿದೆ. "ಆ ಹೆಸರಿನಲ್ಲಿ ಚಾಲ್ತಿ ಅರ್ಜಿ ಇಲ್ಲ" ಎಂದರು. ನಿಜ. ಬೆಟ್ಟದ ಮೇಲಿನ ಕಚೇರಿಯಲ್ಲಿ ವಿಚಾರಿಸಿದೆ. ಅವಳು ಹೊಸ ಅರ್ಜಿ ಹಾಕಿಯೇ ಇರಲಿಲ್ಲ. ಹಾಗಾಗಿ ಕರಾವಳಿಯಲ್ಲಿ ಒಬ್ಬರು ಇಳಿದರು, ಒಳನಾಡಿನಲ್ಲಿ ಯಾರೂ ಏರಲಿಲ್ಲ. ಇಡೀ ದೇಶದಲ್ಲಿ ಒಬ್ಬರು ಕಡಿಮೆ. ಇದಕ್ಕಿಂತ ಒಳ್ಳೆಯ ಫಲಿತಾಂಶ ಯಾವ ಅಧಿಕಾರಿಗೆ ಬೇಕು?

ನಾನು ಕೇಳುವುದು ಇಷ್ಟು. ಈ ವರದಿಯನ್ನು ಹಿಂದಕ್ಕೆ ಪಡೆಯಿರಿ. ಊರು ಬಿಟ್ಟರೆಂದು ಮುಚ್ಚಿದ ಪ್ರತಿಯೊಂದು ಅರ್ಜಿಯನ್ನೂ ತೆರೆಯಿರಿ, ಆ ಮನುಷ್ಯರು ಎಲ್ಲಿದ್ದಾರೆಂದು ಹುಡುಕಿಸಿ, ಅವರ ಸರದಿಯನ್ನು ಅವರಿಗೆ ಮರಳಿಸಿ. ಮನೆ ಸಿಕ್ಕಿ ಅದರ ಬಾಗಿಲ ಬೀಗವನ್ನು ಕೈಯಾರೆ ತೆರೆದವರನ್ನು ಮಾತ್ರ ಲೆಕ್ಕದಿಂದ ಕಡಿಮೆ ಮಾಡಿ. ವರ್ಲಿಯನ್ನು ಕರಾವಳಿಯ ಲೆಕ್ಕಕ್ಕೆ ವಾಪಸ್ ಸೇರಿಸಿ. ಅವಳು ಆ ಊರಿನವಳು. ಅವಳು ಹೋಗಬೇಕೆಂದು ಹೋದವಳಲ್ಲ.

ಇಂತಿ,
ಅವಳನ್ನು ಎರಡನೇ ಸಲ ಕರೆಯದೆ ಬಸ್ಸು ಹತ್ತಿದವಳು,
ರೊವೀನಾ ಟನ್‌ಸ್ಟಾಲ್
ಸಂಚಾರಿ ಗ್ರಂಥಾಲಯದ ಚಾಲಕಿ, ಕರ್ಲ್ಯೂ ಹೆಡ್