ಹಂಪಕ್ಕನ ನಾಲ್ಕನೆಯ ಕೂಸು

ಎಮ್ಮಿಗನೂರು
೨ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಗಳು ಐಶ್ವರ್ಯಳಿಗೆ,

ಅಮ್ಮನ ಅಕ್ಕರೆಯ ಆಶೀರ್ವಾದ. ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆಯೇ ಸಮಾಧಾನ ಮಾಡಲು ಶುರುಮಾಡುತ್ತೀ, ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಮ್ಮಪ್ಪ ಆರಾಮಾಗಿದ್ದಾರೆ. ಧಾರವಾಡದ ಮಳೆಗೆ ಹಿಡಿದಿದ್ದ ನಿನ್ನ ನೆಗಡಿ ಹೋಯಿತೇ?

ಲಾ ಕಾಲೇಜಿನ ತರಗತಿಯಲ್ಲಿ ನನ್ನ ವಿಷಯ ಹೇಳಿದೆಯಂತೆ. ಅಂಗನವಾಡಿ ಟೀಚರಾದ ನಮ್ಮಮ್ಮ ಒಂದೇ ಫೋನಿನಿಂದ ಮಾರಾಟವಾಗಿದ್ದ ಕೂಸನ್ನು ಉಳಿಸಿದಳೆಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರೆಂದು ಬರೆದಿದ್ದೀ. ಅದನ್ನೋದಿ ಮಡಚಿಟ್ಟ ಪತ್ರವನ್ನು ಇವತ್ತೇ ಮತ್ತೆ ತೆಗೆದದ್ದು. ನಿನಗೆ ಅರ್ಧವಷ್ಟೇ ಗೊತ್ತು, ಐಶೂ.

ನಮ್ಮ ಹಿಂದಿನ ಓಣಿಯ ಹಂಪಕ್ಕನಿಗೆ ಮೂವರು ಹೆಣ್ಣುಮಕ್ಕಳು. ಗಂಡ ತೋಟಪ್ಪ ರೈಸ್‌ಮಿಲ್ಲಿನಲ್ಲಿ ಚೀಲ ಹೊರುವಾಗ ಬಿದ್ದು, ಸೊಂಟ ಮುರಿದುಕೊಂಡು ದೀಪಾವಳಿಯಿಂದ ಮಲಗಿದ್ದಾನೆ. ಮೇ ತಿಂಗಳಲ್ಲಿ ನಾಲ್ಕನೆಯದೂ ಹೆಣ್ಣಾಯಿತು. ಕೂಸಿನ ತೂಕ ನೋಡಲು ಹೋದರೆ ಮನೆಯಲ್ಲಿ ಕೂಸೇ ಇಲ್ಲ.

"ಹೊಸಪೇಟೆ ಸುಕನ್ಯಾಗ ಕೊಟ್ಟೀನ್ರಿ ಟೀಚರ್. ಅಕಿಗೆ ಮಕ್ಕಳಿಲ್ಲ. ಅಲ್ಲಿ ಹೊಟ್ಟಿತುಂಬ ಹಾಲು ಕುಡಿತೈತಿ. ಇಲ್ಲಿದ್ರ ನಾ ಏನು ಕೊಡ್ಲಿ?" ಎಂದಳು ಹಂಪಕ್ಕ.

ಸುಕನ್ಯಾ ಅವಳ ತವರಿನ ಕಡೆಯವಳು, ಬಟ್ಟೆ ಹೊಲಿದು ಬದುಕುವವಳು. ಕೂಸನ್ನು ಒಯ್ಯುವಾಗ ಒಂದು ಚೀಲ ಅಕ್ಕಿ, ಒಂದು ಸೀರೆ ಕೊಟ್ಟುಹೋಗಿದ್ದಳು. ಅದನ್ನು ಕೇಳಿ ನನಗೆ ಹಳೆಯದೊಂದು ನೆನಪಾಯಿತು. ನಾನು ಮೊದಲು ಕೆಲಸ ಮಾಡಿದ ಊರಿನಲ್ಲಿ ಹೀಗೇ ಕೊಟ್ಟ ಕೂಸೊಂದು ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಆ ಭಯಕ್ಕೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ.

ಪೊಲೀಸರು, ಅಧಿಕಾರಿಗಳ ಜೊತೆ ಹಂಪಕ್ಕನನ್ನೂ ಕರೆದುಕೊಂಡು ಹೊಸಪೇಟೆಗೆ ಹೋದೆವು. ಸುಕನ್ಯಾ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ತೊಟ್ಟಿಲು ಇಟ್ಟುಕೊಂಡಿದ್ದಳು. ಕೂಸು ಕೆನ್ನೆ ತುಂಬಿಕೊಂಡು ಮಲಗಿತ್ತು.

"ತೊಟ್ಲಾಗ ಹಾಕಿ ಹೆಸರಿಟ್ಟೀನ್ರಿ. ಇನ್ನ ಯಾವ ಕಾಗದ ಬೇಕ್ರಿ?" ಎಂದು ಸುಕನ್ಯಾ ಕೇಳಿದಳು.

ಬಂದಿದ್ದ ಮೇಡಂ ಕೆಟ್ಟವರಲ್ಲ. "ದತ್ತು ಬೇಕಂದ್ರ ಅರ್ಜಿ ಹಾಕಿ ಕಾಯಬೇಕವ್ವ. ಹಿಂಗ ಅಕ್ಕಿ, ಸೀರಿ ಕೊಟ್ಟು ತಗೊಂಡ್ರ ಮಾರಾಟ ಅಂತಾರ" ಎಂದು ತಾಳ್ಮೆಯಿಂದಲೇ ಹೇಳಿದರು. ಇಬ್ಬರ ಮೇಲೂ ಕೇಸಾಗಬಹುದು ಎಂದಾಗ ಹಂಪಕ್ಕ ಹೆದರಿದಳು. "ನನ್ನ ಕೂಸು ನಾನ ಸಾಕ್ತೀನ್ರಿ" ಎಂದು ಹೆಬ್ಬೆಟ್ಟೊತ್ತಿ ವಾಪಸು ತಂದಳು. ಮಗು ತಾಯಿಯ ಮಡಿಲು ಸೇರಿತು ಎಂದು ಬರೆದು ಫೈಲು ಮುಚ್ಚಿದರು. ನಿಮ್ಮ ಚಪ್ಪಾಳೆ ಇಲ್ಲಿಯವರೆಗಿನದು.

ಜುಲೈಯಲ್ಲಿ ಕಾಲುವೆಗೆ ನೀರು ಬಂತು, ನಾಟಿ ಶುರುವಾಯಿತು. ಹಂಪಕ್ಕ ಬೆಳಿಗ್ಗೆ ಗದ್ದೆಗಿಳಿದರೆ ಬರುವುದು ಸಂಜೆಗೇ. ಎದೆಹಾಲು ಬತ್ತಿತು. ಏಳನೆಯ ತರಗತಿಯ ಹಿರಿಮಗಳು ತುಳಸಿ ಶಾಲೆ ಬಿಟ್ಟು ಕೂಸನ್ನು ನೋಡಿಕೊಳ್ಳತೊಡಗಿದಳು. ಗಂಜಿಯ ತಿಳಿ, ಸಕ್ಕರೆ ನೀರು ಕುಡಿಸುತ್ತಿದ್ದಳು. ನನ್ನ ಪಟ್ಟಿಯಲ್ಲಿ ಅದರ ತೂಕ ಕೆಂಪು ಗೆರೆಯ ಕೆಳಗಿಳಿಯಿತು. ಮೇಲಿನವರಿಗೆ ಬರೆದೆ. ಹದಿನೈದು ದಿನ ಆಸ್ಪತ್ರೆಗೆ ಸೇರಿಸಿ ಜೊತೆಗಿರು ಎಂದು ಹಂಪಕ್ಕನಿಗೂ ಹೇಳಿದೆ.

"ಹದಿನೈದು ದಿನ ನಾ ಅಲ್ಲಿ ಕುಂತ್ರ ಇವರ ಹೊಟ್ಟಿಗೆ ಯಾರು ಹಾಕ್ತಾರ್ರಿ?" ಎಂದಳು. ನಾನು ಎದ್ದು ಬಂದೆ. ಆಮೇಲೆ ಅವಳು ಕೂಸನ್ನು ತೂಕಕ್ಕೂ ತರಲಿಲ್ಲ.

ಆ ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ಕೂಸನ್ನು ಕೊಡಬಾರದು ಎನ್ನಲು ಅಷ್ಟೊಂದು ಜನ ಜೀಪಿನಲ್ಲಿ ಹೋಗಿದ್ದೆವು. ಹೇಗೆ ಸಾಕುತ್ತೀಯವ್ವಾ ಎಂದು ಕೇಳಲು ಯಾರೂ ಬರಲಿಲ್ಲ. ನೀನು ಓದುವ ದಪ್ಪ ಪುಸ್ತಕಗಳಲ್ಲಿ ಇದಕ್ಕೇನಾದರೂ ಬರೆದಿದ್ದಾರೆಯೇ ನೋಡು. ನಾನು ಕೋಪದಿಂದ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚೆನ್ನಾಗಿ ಓದು. ನಿನ್ನ ಹತ್ತಿರ ಬರುವವರು ಹೆದರದೆ ಮಾತಾಡುವಂಥ ವಕೀಲೆಯಾಗು, ಅದೇ ನನ್ನ ಹಾರೈಕೆ.

ನಿನ್ನ ಅಮ್ಮ,
ಗಂಗಾಂಬಿಕಾ

ತಾ. ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಕೂಸು ಹೋದ ಗುರುವಾರ ತೀರಿಕೊಂಡಿತು. ಎರಡು ದಿನದಿಂದ ಜ್ವರವಿತ್ತಂತೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಓಣಿ. "ನನಗ ಯಾಕ ಹೇಳ್ಲಿಲ್ಲವ್ವ?" ಎಂದು ಕೇಳಿದೆ. ಹಂಪಕ್ಕ ನನ್ನ ಮುಖ ನೋಡಲಿಲ್ಲ. "ಕೂಸು ಸೊರಗೇತಿ ಅಂತ ಮತ್ತ ಫೋನ್ ಮಾಡ್ತೀರೇನೋ ಅಂತ ನಿಮಗ ಅಂಜಿದ್ನಿರಿ ಟೀಚರ್" ಎಂದಳು.